ಸಿಮಿಲಿ ಅಂದ್ರೆ ಉಪಮೆ, ಪ್ಯಾಸಿವ್ ವಾಯ್ಸ್ ಅಂದ್ರೆ ಕರ್ಮಣಿ: ಇಂಗ್ಲಿಷ್ ವ್ಯಾಕರಣದ ಪದಗಳಿಗೆ ಮುಂಬೈ ಬೀದಿಯ ಉದಾಹರಣೆ

ಮುಂಬೈ: ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ ಜೂನಿಯರ್ ಕಾಲೇಜಿಗೆ ಸೇರುವ ಮುಂಬೈನ ಮಕ್ಕಳಿಗೆ ಇಂಗ್ಲಿಷ್ ತರಗತಿಯಲ್ಲಿ ಮೊದಲು ತೊಡಕಾಗುವುದು ಪಾಠವಲ್ಲ, ಪಾಠದೊಳಗಿನ ಹೆಸರುಗಳು. ಕವಿತೆಯ ಒಂದು ಸಾಲು ಕೊಟ್ಟು 'ಫಿಗರ್ ಆಫ್ ಸ್ಪೀಚ್' ಗುರುತಿಸಿ ಎಂದು ಪ್ರಶ್ನೆಪತ್ರಿಕೆ ಕೇಳುತ್ತದೆ. ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದ ಹಿಂದಿನ ತಲೆಮಾರಿಗೂ ಇದೇ ಪಾಡು. ಆದರೆ ಈ ಪದಗಳಲ್ಲಿ ಹೆಚ್ಚಿನವುಗಳ ಅರ್ಥ ಕನ್ನಡ ಓದಿದವರಿಗೆ ಆಗಲೇ ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು ಇಂಗ್ಲಿಷ್ ಹೆಸರು ಮಾತ್ರ.

ನೌನ್ ಅಂದರೆ ನಾಮಪದ, ಪ್ರೊನೌನ್ ಸರ್ವನಾಮ, ಅಡ್ಜೆಕ್ಟಿವ್ ವಿಶೇಷಣ, ವರ್ಬ್ ಕ್ರಿಯಾಪದ. ಮರಾಠಿ ತರಗತಿಯಲ್ಲೂ ಇವು ಬಹುತೇಕ ಇದೇ ಹೆಸರಿನಲ್ಲಿ ಬರುವುದರಿಂದ ಇಲ್ಲಿ ಗೊಂದಲ ಕಡಿಮೆ. ಅಂದಹಾಗೆ, ಮುಂಬೈನಲ್ಲೇ ಹುಟ್ಟಿದ ದಾದೋಬಾ ಪಾಂಡುರಂಗ ತರ್ಖಡಕರ್ 1836ರಲ್ಲಿ ಮರಾಠಿಗೆ ವ್ಯಾಕರಣ ಬರೆದಾಗ ಇಂಗ್ಲಿಷ್ ವ್ಯಾಕರಣದ ಚೌಕಟ್ಟನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದರು.

ಪ್ರಿಪೊಸಿಷನ್ ಎಲ್ಲಿ ಕೈಕೊಡುತ್ತದೆ?

ಕನ್ನಡದಲ್ಲಿ 'ದಾದರ್‌ನಿಂದ', 'ದಾದರ್‌ಗೆ', 'ದಾದರ್‌ನಲ್ಲಿ' ಎನ್ನುತ್ತೇವೆ. ವಿಭಕ್ತಿ ಪ್ರತ್ಯಯ ಹೆಸರಿನ ಹಿಂದೆ ಅಂಟಿಕೊಳ್ಳುತ್ತದೆ. ಇಂಗ್ಲಿಷ್‌ನಲ್ಲಿ ಅದೇ ಕೆಲಸ ಮಾಡುವ ಫ್ರಮ್, ಟು, ಅಟ್ ಪದಗಳು ಹೆಸರಿಗಿಂತ ಮುಂಚೆ ಬರುತ್ತವೆ. 'ಪ್ರಿ' ಎಂದರೆ ಮುಂಚೆ, ಹಾಗಾಗಿ ಪ್ರಿಪೊಸಿಷನ್. ಆದರೆ ಕನ್ನಡದ 'ಅಲ್ಲಿ' ಒಂದಕ್ಕೆ ಇಂಗ್ಲಿಷ್‌ನಲ್ಲಿ ಇನ್, ಆನ್, ಅಟ್ ಎಂಬ ಮೂವರಿದ್ದಾರೆ. ಮುಂಬೈ 'ಇನ್', ಪ್ಲಾಟ್‌ಫಾರ್ಮ್ 'ಆನ್', ಬಸ್ ಸ್ಟಾಪ್ 'ಅಟ್'. ತಪ್ಪುಗಳು ಹೆಚ್ಚಾಗುವುದು ಇಲ್ಲೇ. ಇದಕ್ಕೆ ಬಳಕೆಯೇ ದಾರಿ, ಅಡ್ಡದಾರಿ ಇಲ್ಲ.

ಆರ್ಟಿಕಲ್ ವಿಷಯದಲ್ಲಿ ಮಾತ್ರ ಕನ್ನಡಿಗರಿಗೆ ಒಂದು ಅನುಕೂಲವಿದೆ. ಎ, ಆ್ಯನ್, ದ ಎಂಬ ಈ ಮೂರು ಪದಗಳಿಗೆ ನಮ್ಮ ಭಾಷೆಯಲ್ಲಿ ಸರಿಸಾಟಿ ಇಲ್ಲ ನಿಜ. ಆದರೆ 'ಎ' ಹಾಕಬೇಕೋ 'ಆ್ಯನ್' ಹಾಕಬೇಕೋ ಎಂಬ ಅನುಮಾನ ಬಂದಾಗ ಮುಂದಿನ ಪದವನ್ನು ಕನ್ನಡ ಲಿಪಿಯಲ್ಲಿ ಬರೆದು ನೋಡಿ. ಸ್ವರಾಕ್ಷರದಿಂದ ಶುರುವಾದರೆ ಆ್ಯನ್, ವ್ಯಂಜನವಾದರೆ ಎ. ಅವರ್, ಎಂಎಲ್‌ಎ ಎರಡೂ ಸ್ವರ. ಯೂನಿವರ್ಸಿಟಿ ವ್ಯಂಜನ. ಏಕೆಂದರೆ ಇಂಗ್ಲಿಷ್ ನಿಯಮ ನೋಡುವುದು ಉಚ್ಚಾರವನ್ನು, ಕಾಗುಣಿತವನ್ನಲ್ಲ. ಎರಡು ಎಚ್ಚರಿಕೆ: 'ಯೆಂಎಲ್‌ಎ' ಎಂದು ಉಚ್ಚರಿಸುವ ರೂಢಿ ಇದ್ದರೆ ಈ ಉಪಾಯ ಕೆಡುತ್ತದೆ. 'ಒನ್' ಎಂದು ಬರೆದರೂ ಉಚ್ಚಾರ 'ವನ್', ಆದ್ದರಿಂದ ಅದಕ್ಕೆ ಎ.

ಸ್ಟೇಷನ್‌ನಲ್ಲಿ ಕರ್ಮಣಿ ಪ್ರಯೋಗ

'ಪ್ಯಾಸೆಂಜರ್ಸ್ ಆರ್ ರಿಕ್ವೆಸ್ಟೆಡ್...' ಎಂದು ಶುರುವಾಗುವ ರೈಲ್ವೆ ಪ್ರಕಟಣೆ ಕೇಳದ ಮುಂಬೈಕರ್ ಇರಲಿಕ್ಕಿಲ್ಲ. ವಿನಂತಿಸುತ್ತಿರುವವರು ಯಾರು? ವಾಕ್ಯದಲ್ಲಿ ಅವರ ಸುಳಿವೇ ಇಲ್ಲ. ಅದೇ ಪ್ಯಾಸಿವ್ ವಾಯ್ಸ್, ಅಂದರೆ ಕರ್ಮಣಿ ಪ್ರಯೋಗ. ಮಾಡಿದವರನ್ನು ಮರೆಗೆ ಸರಿಸಲು ಇದಕ್ಕಿಂತ ಸಲೀಸಾದ ಉಪಾಯ ಇನ್ನೊಂದಿಲ್ಲ. ಸರ್ಕಾರಿ ಕಾಗದಗಳ 'ಸೂಚಿಸಲಾಗಿದೆ', 'ತಿಳಿಸಲಾಗಿದೆ' ಇದರದೇ ಕನ್ನಡ ರೂಪ. ಸುದ್ದಿಮನೆಗಳಲ್ಲೂ ಇದರ ಹಾವಳಿ ಕಡಿಮೆಯೇನಲ್ಲ.

ಸ್ಟೇಟಿವ್ ವರ್ಬ್ ಎಂದರೆ ಕೆಲಸವನ್ನಲ್ಲ, ಸ್ಥಿತಿಯನ್ನು ಹೇಳುವ ಕ್ರಿಯಾಪದ. ನೋ, ಬಿಲೀವ್, ಅಂಡರ್‌ಸ್ಟ್ಯಾಂಡ್ ಈ ಗುಂಪಿನವು. ಇವಕ್ಕೆ ಸಾಮಾನ್ಯವಾಗಿ 'ಇಂಗ್' ಸೇರುವುದಿಲ್ಲ. 'ಐ ಆಮ್ ನೋಯಿಂಗ್' ಎಂಬ ಮಾತು ನಮ್ಮಲ್ಲಿ ಸಲೀಸಾಗಿ ಬರುತ್ತದೆ, ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ಇದೇ ಧಾಟಿಯನ್ನು ಕವಿತೆಗೆ ತಂದವರು ಮುಂಬೈನ ಕವಿ, ಮಿಠೀಬಾಯಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದ ನಿಸ್ಸಿಮ್ ಎಜೆಕಿಯಲ್ (1924-2004). ಅವರ 'ಗುಡ್‌ಬೈ ಪಾರ್ಟಿ ಫಾರ್ ಮಿಸ್ ಪುಷ್ಪಾ ಟಿ.ಎಸ್.' ಪೂರ್ತಿ ಈ ಇಂಗಿನಲ್ಲೇ ಸಾಗುತ್ತದೆ. ಅದು ಬರೀ ಗೇಲಿಯೋ, ಅಕ್ಕರೆಯೂ ಇದೆಯೋ ಎಂಬ ಚರ್ಚೆ ತರಗತಿಗಳಲ್ಲಿ ಇನ್ನೂ ಮುಗಿದಿಲ್ಲ.

ಅಲಂಕಾರಗಳು: ದಲಾಲ್ ಸ್ಟ್ರೀಟ್‌ನಿಂದ ಗಿರಣಗಾವ್‌ವರೆಗೆ

ಒಂಬತ್ತನೇ ಶತಮಾನದ 'ಕವಿರಾಜಮಾರ್ಗ'ದ ಕಾಲದಿಂದ ಅಲಂಕಾರ ಓದಿಕೊಂಡು ಬಂದ ಭಾಷೆ ನಮ್ಮದು. ಸಿಮಿಲಿ ಉಪಮೆ, ಮೆಟಫರ್ ರೂಪಕ, ಹೈಪರ್ಬೊಲಿ ಅತಿಶಯೋಕ್ತಿ, ಪನ್ ಶ್ಲೇಷ. ಸಿಮಿಲಿಯನ್ನು 'ಸ್ಮೈಲ್' ಎಂದು ಓದಬಾರದು. 1966ರಿಂದ ಮುಂಬೈ ಹೋರ್ಡಿಂಗ್‌ಗಳಲ್ಲಿ ನಗುತ್ತಿರುವ ಅಮುಲ್ ಹುಡುಗಿಯ ಜಾಹೀರಾತುಗಳು ನಿಂತಿರುವುದೇ ಶ್ಲೇಷದ ಮೇಲೆ. ಪನ್ ಕಲಿಯಲು ಅವುಗಳಿಗಿಂತ ಒಳ್ಳೆಯ ಪುಸ್ತಕ ಬೇಕಿಲ್ಲ.

'ದಲಾಲ್ ಸ್ಟ್ರೀಟ್ ತಲ್ಲಣ' ಎಂಬ ಶೀರ್ಷಿಕೆ ಓದಿದಾಗ ರಸ್ತೆ ನಡುಗಿತೆಂದು ಯಾರೂ ತಿಳಿಯುವುದಿಲ್ಲ. ಒಂದರ ಹೆಸರು ಹೇಳಿ ಅದಕ್ಕೆ ಸಂಬಂಧಪಟ್ಟ ಇನ್ನೊಂದನ್ನು ಸೂಚಿಸುವುದು ಮೆಟಾನಿಮಿ. ನಮ್ಮ ಕಾವ್ಯಮೀಮಾಂಸೆಯ ಲಕ್ಷಣಾ ಇದಕ್ಕೆ ಹತ್ತಿರ. 'ಮಂತ್ರಾಲಯ ಒಪ್ಪಿಗೆ ನೀಡಿದೆ' ಎಂದರೆ ಇಲ್ಲಿ ಮಹಾರಾಷ್ಟ್ರ ಸರ್ಕಾರ. ಕರ್ನಾಟಕದಿಂದ ಹೊಸದಾಗಿ ಬಂದವರಿಗೆ ರಾಯರ ಮಠ ನೆನಪಾದರೆ ಅಚ್ಚರಿಯಿಲ್ಲ.

ಸಿನೆಕ್‌ಡಕಿ ಇದರ ಒಡಹುಟ್ಟು. ಭಾಗವನ್ನು ಹೇಳಿ ಇಡಿಯನ್ನು ಸೂಚಿಸುವುದು. ಮುಂಬೈಗೆ ಇದರ ಉದಾಹರಣೆ ಚೆನ್ನಾಗಿ ಗೊತ್ತು. ಪರೇಲ್, ಲಾಲ್‌ಬಾಗ್‌ಗಳ ಬಟ್ಟೆ ಗಿರಣಿ ಕಾರ್ಮಿಕರನ್ನು ಇಂಗ್ಲಿಷ್ ದಾಖಲೆಗಳು 'ಮಿಲ್ ಹ್ಯಾಂಡ್ಸ್' ಎಂದೇ ಬರೆದವು. ಹಳ್ಳಿಯಲ್ಲಿ ಮನೆ, ಚಾಲ್‌ನಲ್ಲಿ ಸಂಸಾರ ಇದ್ದ ಮನುಷ್ಯ ಲೆಕ್ಕದ ಪುಸ್ತಕದಲ್ಲಿ ಬರೀ ಕೈಯಾಗಿ ಉಳಿದ. 1982ರ ಜನವರಿಯಲ್ಲಿ ದತ್ತಾ ಸಾಮಂತ್ ನಾಯಕತ್ವದಲ್ಲಿ ಮುಷ್ಕರಕ್ಕೆ ಇಳಿದ ಸುಮಾರು ಎರಡೂವರೆ ಲಕ್ಷ ಮಂದಿ ಇದೇ 'ಹ್ಯಾಂಡ್ಸ್'. ಅಲಂಕಾರ ಯಾವಾಗಲೂ ಅಂದಕ್ಕೇ ಇರುವುದಿಲ್ಲ.

ಎರಡು ಪದ ಕತ್ತರಿಸಿ ಬೆಸೆದರೆ ಪೋರ್ಟ್‌ಮ್ಯಾಂಟೊ. ಬಾಂಬೆ ಮತ್ತು ಹಾಲಿವುಡ್ ಸೇರಿ ಬಾಲಿವುಡ್ ಆಯಿತು. 1995ರಲ್ಲಿ ನಗರದ ಹೆಸರು ಮುಂಬೈ ಆದರೂ ಆ 'ಬ' ಹಾಗೇ ಉಳಿಯಿತು. ಇನ್ನು ಲೋನ್‌ವರ್ಡ್, ಅಂದರೆ ಎರವಲು ಪದ. 2020ರಲ್ಲಿ ಬಂದ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯ 10ನೇ ಆವೃತ್ತಿಗೆ ಸೇರಿದ ಭಾರತೀಯ ಪದಗಳಲ್ಲಿ ಚಾಲ್ ಮತ್ತು ಡಬ್ಬಾ ಎರಡೂ ಇವೆ.

ಎರವಲು ಹೋದದ್ದು ಬೀದಿಯ ಪದಗಳಷ್ಟೇ ಅಲ್ಲ, ವ್ಯಾಕರಣದ ಪದಗಳೂ ಹೋಗಿವೆ. 'ಪೇಪರ್‌ಬ್ಯಾಕ್' ಎಂದರೆ ಪೇಪರೂ ಅಲ್ಲ, ಬೆನ್ನೂ ಅಲ್ಲ, ಪುಸ್ತಕ. ಇಂಥ ಸಮಾಸಕ್ಕೆ ಇಂಗ್ಲಿಷ್ ಭಾಷಾಶಾಸ್ತ್ರದ ಪುಸ್ತಕಗಳು ಕೊಡುವ ಹೆಸರು 'ಬಹುವ್ರೀಹಿ'. ಮುಕ್ಕಣ್ಣ, ಹಣೆಗಣ್ಣ ಎಂಬ ಉದಾಹರಣೆಗಳೊಂದಿಗೆ ಕನ್ನಡ ಶಾಲೆಯ ಮಕ್ಕಳು ಹೈಸ್ಕೂಲಿನಲ್ಲೇ ಬಾಯಿಪಾಠ ಮಾಡಿದ ಅದೇ ಬಹುವ್ರೀಹಿ. ಸಂಧಿಯೂ ಅಲ್ಲಿ 'ಸಂಧಿ' ಎಂದೇ ಇದೆ.