ತೆನೆ

ಕನ್ನಡದಲ್ಲಿ ತೆನೆ ಎಂದರೆ ಭತ್ತ, ರಾಗಿ, ಜೋಳಗಳ ಕದಿರಷ್ಟೇ ಅಲ್ಲ. ಹಸು ಗಬ್ಬವಾದರೆ ‘ತೆನೆಯಾಗಿದೆ’ ಎನ್ನುವ ಹಳ್ಳಿಗಳಿವೆ. ಕೋಟೆಗೋಡೆಯ ನೆತ್ತಿಯಲ್ಲಿ ಸಾಲಾಗಿ ಎದ್ದ ಕಲ್ಲಿನ ಹಲ್ಲುಗಳಿಗೂ ಹಳಗನ್ನಡದ ಕಾಲದಿಂದ ಇದೇ ಹೆಸರು. ಇವು ಒಂದೇ ಬೇರಿನವೋ ಅಲ್ಲವೋ, ಆ ಪ್ರಶ್ನೆ ಪಂಡಿತರಿಗಿರಲಿ. ನನಗೆ ಈ ಮಾತು ಹತ್ತಿರವಾದದ್ದು ಕರಾವಳಿಯ ಕಥೋಲಿಕರ ತೆನೆ ಹಬ್ಬದಿಂದ.

ಸೆಪ್ಟೆಂಬರ್ 8, ಮಾತೆ ಮರಿಯಳ ಜನ್ಮದಿನ. ಕೊಂಕಣಿಯಲ್ಲಿ ಅದು ಮೊಂತಿ ಫೆಸ್ತ್, ತುಳುವಿನಲ್ಲಿ ಕುರಲ್ ಪರ್ಬ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬುಟ್ಟಿ ತುಂಬ ಹೂ ತಂದು ಬಾಲೆ ಮರಿಯಳಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಪಾದ್ರಿಗಳು ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ. ದೇವರ ಪೀಠದ ಮುಂದೆ ಪ್ರಾರ್ಥನೆ ಮುಗಿದ ಮೇಲೆ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಯ ಹಿರಿಯರು ಎಲ್ಲರಿಗೂ ಒಂದೊಂದು ಗುಟುಕು ಕೊಡುತ್ತಾರೆ. ಅದಕ್ಕೆ ‘ನವೆಂ’, ಅಂದರೆ ಹೊಸತು, ಎಂದು ಹೆಸರು. ಆಮೇಲೆ ಬಾಳೆಲೆಯ ಮೇಲೆ ಸಸ್ಯಾಹಾರದ ಊಟ. ದುಬೈಯಲ್ಲೋ ಮುಂಬಯಿಯಲ್ಲೋ ಇರುವ ಮಗನಿಗೆ ನಾಲ್ಕು ಕಾಳು ಲಕೋಟೆಯಲ್ಲಿ ಹೋಗುತ್ತವೆ.

ಹಬ್ಬದ ಹೊತ್ತಿಗೆ ಬಹಳ ಗದ್ದೆಗಳಲ್ಲಿ ಕೊಯ್ಲು ಇನ್ನೂ ದೂರ. ಹೊಡೆ ಬಿಚ್ಚಿ ಹೊರಬಂದ ತೆನೆಯ ಕಾಳನ್ನು ಉಗುರಿನಿಂದ ಅದುಮಿ ನೋಡಿ, ಬಿಳಿ ಹಾಲು ಒಸರುತ್ತದೆ. ಅದು ಗಟ್ಟಿಯಾಗಿ ಅಕ್ಕಿಯಾಗಲು ವಾರಗಳು ಬೇಕು. ಅಷ್ಟರಲ್ಲಿ ಗಾಳಿ ಬೀಸಬಹುದು, ನೆರೆ ಬರಬಹುದು, ತಿಗಣೆ ಹಾಲು ಹೀರಿ ಕಾಳು ಜೊಳ್ಳಾಗಬಹುದು. ಕಣಜ ತುಂಬಿದ ಮೇಲೆ ಕೃತಜ್ಞತೆ ಹೇಳುವುದು ಸುಲಭ. ಹಸಿರು ತೆನೆ ಹಿಡಿದು ಹೇಳುವ ಕೃತಜ್ಞತೆಯನ್ನೇ ನಾನು ಕ್ರೈಸ್ತ ಭರವಸೆ ಎನ್ನುತ್ತೇನೆ. ಸಂತ ಪೌಲನು ಪುನರುತ್ಥಾನಗೊಂಡ ಕ್ರಿಸ್ತನನ್ನು ಪ್ರಥಮಫಲ ಎಂದು ಕರೆದದ್ದೂ ಇದೇ ಅರ್ಥದಲ್ಲಿ: ಮೊದಲ ತೆನೆ ಬಂದಿದೆ, ಉಳಿದ ಬೆಳೆ ಬರಲಿಕ್ಕಿದೆ.

ಫರಂಗಿಪೇಟೆಯ ಮೊಂತಿ ಮರಿಯಾನೊ ಚರ್ಚಿನಲ್ಲಿ 1763ರಲ್ಲಿ ಫಾದರ್ ಜೋಕಿಂ ಮಿರಾಂಡಾ ಈ ಹಬ್ಬಕ್ಕೆ ನಾಂದಿ ಹಾಡಿದರು ಎಂಬುದು ಸಮುದಾಯದ ನೆನಪು. ಇಪ್ಪತ್ತೊಂದು ವರ್ಷಗಳ ನಂತರ, 1784ರಲ್ಲಿ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಹದಿನೈದು ವರ್ಷ ಅವರ ಕಣ್ಣಿಗೆ ಬಿದ್ದದ್ದು ಕೋಟೆಗೋಡೆಯ ಕಲ್ಲಿನ ತೆನೆ. ದಾರಿಯಲ್ಲೂ ಸೆರೆಯಲ್ಲೂ ಬಹಳ ಮಂದಿ ಸತ್ತರು. 1799ರಲ್ಲಿ ಕೋಟೆ ಬಿದ್ದ ಮೇಲೆ ಉಳಿದವರಲ್ಲಿ ಅನೇಕರು ಇಳಿದು ಬಂದು ಮತ್ತೆ ಗದ್ದೆಗಿಳಿದರು. ಆ ಜನರು ಹಿಡಿದ ಮೊದಲ ತೆನೆಯನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಬೈಬಲಿನಲ್ಲಿಯೂ ತೆನೆ ಕಷ್ಟದ ಹೊತ್ತಿನಲ್ಲಿ ಕಾಣಿಸಿಕೊಳ್ಳುತ್ತದೆ. ಫರೋಹನ ಕನಸಿನ ಬತ್ತಿದ ತೆನೆಗಳು ಬರಗಾಲದ ಸೂಚನೆ. ವಿಧವೆ ರೂತಳು ಪರನಾಡಿನಿಂದ ಅತ್ತೆಯ ಜೊತೆ ಬರಿಗೈಯಲ್ಲಿ ಬೆತ್ಲೆಹೇಮಿಗೆ ಬಂದು ಜವೆಗೋದಿಯ ಹೊಲದಲ್ಲಿ ಹಕ್ಕಲಾಯುತ್ತಾಳೆ, ಅಂದರೆ ಕೊಯ್ಲಿನಲ್ಲಿ ಬಿದ್ದುಳಿದ ತೆನೆ ಆಯುತ್ತಾಳೆ. ಬಡವರಿಗಾಗಿ, ಪರದೇಶಿಗಳಿಗಾಗಿ ಹಕ್ಕಲು ಬಿಡಬೇಕೆಂದು ಮೋಶೆಯ ಧರ್ಮಶಾಸ್ತ್ರವೇ ವಿಧಿಸಿತ್ತು. ಹೀಗೆ ಬಿದ್ದ ತೆನೆ ಆಯ್ದವಳೇ ದಾವೀದನ ಮುತ್ತಜ್ಜಿಯಾದಳು, ಯೇಸುವಿನ ವಂಶಾವಳಿಯಲ್ಲಿ ಹೆಸರು ಪಡೆದಳು. ತೆನೆಯ ಜೊತೆಗೆ ಹಕ್ಕಲು ಎಂಬ ಮಾತನ್ನೂ ನಾವು ಉಳಿಸಿಕೊಳ್ಳಬೇಕು. ಪಾಲು ಬಿಡದ ಹೊಲದಲ್ಲಿ ದಿಕ್ಕಿಲ್ಲದವರಿಗೆ ಭರವಸೆ ಎಲ್ಲಿಂದ ಬರಬೇಕು?

2020ರ ಸೆಪ್ಟೆಂಬರಿನಲ್ಲಿ ಕೊರೊನಾದಿಂದಾಗಿ ಹಬ್ಬದ ಜನಸಂದಣಿ ಇರಲಿಲ್ಲ. ಭತ್ತ ಮಾತ್ರ ತನ್ನ ಹೊತ್ತಿಗೆ ಹೊಡೆ ಬಿಚ್ಚಿತ್ತು. ನಿಸರ್ಗ ನಮ್ಮ ದುಃಖವನ್ನು ಅಳಿಸುವುದಿಲ್ಲ. ಆದರೆ ದೇವರು ಕೆಲಸ ನಿಲ್ಲಿಸಿಲ್ಲ ಎಂಬುದಕ್ಕೆ ಅದು ಸಾಕ್ಷಿ ಹೇಳುತ್ತದೆ.

ಈಗಿನ ಕಷ್ಟ ಬೇರೆ ಬಗೆಯದು. ಕೆಲಸಕ್ಕೆ ಜನವಿಲ್ಲದೆ ಕರಾವಳಿಯ ಗದ್ದೆಗಳು ಹಡಿಲು ಬೀಳುತ್ತಿವೆ, ಮಣ್ಣು ತುಂಬಿ ನಿವೇಶನಗಳಾಗುತ್ತಿವೆ. ಪೇಟೆಯ ಚರ್ಚುಗಳಿಗೆ ತೆನೆ ಎಲ್ಲಿಂದ ತರುವುದೆಂಬುದೇ ಚಿಂತೆ. ಕೆಲವೆಡೆ ಚರ್ಚಿನ ಯುವಜನರು ಮಳೆ ಶುರುವಾದಾಗ ಹಡಿಲು ಗದ್ದೆಗಿಳಿದು ನೇಜಿ ನೆಡುತ್ತಿದ್ದಾರೆ. ಎಷ್ಟೋ ಜನಕ್ಕೆ ಅದೇ ಮೊದಲ ಸಲ ಕೆಸರು. ನೆಟ್ಟಿ ಓರೆಕೋರೆಯಾದರೆ ಹಿರಿಯ ಹೆಂಗಸರು ಹಿಂದಿನಿಂದ ಬಂದು ಸರಿಪಡಿಸುತ್ತಾರೆ.