ದಾಖಲೆ ಎನ್ನುವ ಮೆಚ್ಚುಗೆ

1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಎಂದದ್ದು ಒಂದು ರೀತಿಯಲ್ಲಿ ಪುಸ್ತಕ ವಿಮರ್ಶೆಯೇ. ಆ ಮಾತಿಗೆ ಬೀದಿಯಲ್ಲಿ ಗಲಭೆಯಾಯಿತು, ದಲಿತ ಹುಡುಗರು ಏಟು ತಿಂದರು, ಅವರ ಮಂತ್ರಿಗಿರಿ ಹೋಯಿತು. ತಕ್ಕಡಿ ಯಾರ ಕೈಲಿರಬೇಕು ಎಂಬ ಜಗಳ ಬೀದಿಗೆ ಬಂದದ್ದು ಆಗ. ಅದೇ ವರ್ಷ ದೇವನೂರ ಮಹಾದೇವರ ‘ದ್ಯಾವನೂರು’ ಕತೆಗಳು ಬಂದವು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’.

ಈ ಪುಸ್ತಕಗಳನ್ನು ಯಾರೂ ತಳ್ಳಿಹಾಕಲಿಲ್ಲ ಅನ್ನಿ. ಹೊಗಳಿದರು. ಆದರೆ ನಾನು ಓದಿದ ಬಹಳಷ್ಟು ವಿಮರ್ಶೆಗಳಲ್ಲಿ ಒಂದು ಪದ ಮತ್ತೆಮತ್ತೆ ಬರುತ್ತದೆ: ದಾಖಲೆ. ಕತೆಯಾದರೂ ದಾಖಲೆ, ಆತ್ಮಕತೆಯಾದರೂ ದಾಖಲೆ. ಅಂದರೆ ನಾವು ಸಾಕ್ಷಿ ಹೇಳುವವರು, ತೀರ್ಪು ಬರೆಯುವವರು ಇನ್ಯಾರೋ. ‘ಒಡಲಾಳ’ದಲ್ಲಿ ಸಾಕವ್ವನ ಮನೆಯವರೆಲ್ಲ ರಾತ್ರಿ ಕುಂತು ಕಡಲೆಕಾಯಿ ತಿನ್ನುತ್ತಾರಲ್ಲ, ಅಲ್ಲಿ ಹಸಿವು ಕಂಡವರಿಗೆ ಆ ಮನೆಯ ಹಬ್ಬ ಕಾಣಲಿಲ್ಲ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994) ಬಂದಾಗ ಹೆಣದ ಮೇಲೆ ತೂರಿದ ಕಾಸಿನ ಪುಟ ಓದಿ ಮರುಗಿದವರು, ಆ ಹೆಸರಲ್ಲಿರುವ ಚುಚ್ಚನ್ನು ಮೆಲ್ಲಗೆ ದಾಟಿಹೋದರು. ಸಿದ್ಧಲಿಂಗಯ್ಯನವರ ‘ಊರುಕೇರಿ’ ಇವರಿಗೆಲ್ಲ ತೊಡಕಾಯಿತು. ಅಪ್ಪನ ಹೆಗಲಿಗೆ ನೊಗ ಕಟ್ಟಿ ಹೊಲ ಉತ್ತದ್ದನ್ನು ಹೇಳುವ ಪುಸ್ತಕವೇ ಓದುವವನನ್ನು ನಗಿಸುತ್ತದೆ. ಸಾಕ್ಷಿಕಟ್ಟೆಯಲ್ಲಿ ನಿಂತವನು ನಗಬಹುದೆ?

ಬೇರೆಯವರನ್ನು ಅಂದು ಪ್ರಯೋಜನವಿಲ್ಲ. ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಒಂದು ಸಣ್ಣ ಪತ್ರಿಕೆಗೆ ನಾನೂ ಬರೆದೆ. ಎಂ.ಎ. ಮುಗಿಸಿದ ಬಿಸಿ. ‘ಭಾಷೆಯ ಪ್ರಾದೇಶಿಕತೆ ಸಂವಹನಕ್ಕೆ ಅಡ್ಡಿಯಾಗಿದೆ’ ಎಂದೆ. ನಾನು ಹುಟ್ಟಿದ್ದು ನಂಜನಗೂಡಿನ ಪಕ್ಕದ ಒಂದು ಕೇರಿಯಲ್ಲಿ. ಅಡ್ಡಿಯಾದದ್ದು ಯಾರಿಗೆ?

ಆ ಬೇಸಗೆ ಊರಿಗೆ ಹೋದಾಗ ಅವ್ವ, ‘ಏನ್ಲ ಮಗ, ಅದ್ಯಾನ ಓದೀಯೆ?’ ಅಂದಳು. ದೀಪಗಳು ಆರಿದ ಮೇಲೆ ಜೋತಮ್ಮಗಳು ಕೂಡಿ ಮಾತಾಡುವ ಭಾಗ ಓದಿ ಹೇಳಿದೆ. ಅಕ್ಕಿ ಆರಿಸುತ್ತಿದ್ದ ಕೈ ನಿಂತಿತು. ‘ಇದ ನಮ್ಮವ್ವ ಯೋಳ್ತಿತ್ತು ಕನ. ಪುಸ್ತಕ್ದಲ್ಲೂ ಬರದವ್ರ?’ ಅಂದಳು. ಒಂದೇ ಒಂದು ಪದಕ್ಕೂ ಅರ್ಥ ಕೇಳಲಿಲ್ಲ. ಕನ್ನಡ ಓದಿ ನಾನು ಕಳಕೊಂಡದ್ದು ಓದು ಬಾರದ ಅವಳ ಹತ್ತಿರ ಹಾಗೇ ಇತ್ತು.

ಇದಕ್ಕೆ ಹೆಸರು ಸಿಕ್ಕಿದ್ದು ಆಮೇಲೆ. ಡಿ.ಆರ್. ನಾಗರಾಜ್ 1993ರಲ್ಲಿ ಇಂಗ್ಲಿಷಿನಲ್ಲಿ ತಂದ ‘ದಿ ಫ್ಲೇಮಿಂಗ್ ಫೀಟ್’ನಲ್ಲಿ, ದಲಿತ ಚಳವಳಿ ಸಿಟ್ಟಿನ ಜೊತೆಗೆ ತನ್ನ ಸಾಂಸ್ಕೃತಿಕ ನೆನಪನ್ನೂ ಉಳಿಸಿಕೊಳ್ಳಬೇಕೆಂದು ವಾದಿಸಿದರು. ಆ ವಾದದ ಬಗ್ಗೆ ನನಗೆ ತಕರಾರಿದೆ: ನೆನಪೆಂದು ಎತ್ತಿಕೊಳ್ಳುವ ದೇವರ ಜೊತೆ ಬಿಟ್ಟಿ ಚಾಕರಿಯೂ ಅಂಟಿಕೊಂಡು ಬರುತ್ತದೆ. ಗ್ರಾಮದೇವತೆಗಳ ಮೇಲೆ ಸಂಶೋಧನೆ ಮಾಡಿದ ಸಿದ್ಧಲಿಂಗಯ್ಯನವರಿಗೆ ಇದು ಗೊತ್ತಿಲ್ಲದ್ದಲ್ಲ. ಆದರೂ ಜೋತಮ್ಮಗಳನ್ನು ‘ತಂತ್ರ’ ಎಂದು ಕರೆದ ನನ್ನ ವಿಮರ್ಶೆಗಿಂತ ಈ ಜಗಳ ದೊಡ್ಡದು.

ಆ ಕತ್ತರಿಸಿದ ಕಾಗದ ಇನ್ನೂ ‘ಕುಸುಮಬಾಲೆ’ಯ ಒಳಗೇ ಇದೆ, ಹಳದಿಯಾಗಿ. ಅವ್ವ ಒಮ್ಮೆ ‘ಇದ್ರಲ್ಲಿ ಏನ ಬರದಿದ್ದೀಯೆ?’ ಎಂದು ಕೇಳಿದ್ದಳು. ನಾನು ಓದಿ ಹೇಳಲಿಲ್ಲ.