ದಸರಾ ರಜೆ, ಮುಂಬೈ ಗಾಡಿ, ಬಾಯಿಂದ ಎಳೆಯೋ ನೂಲು

ಪೋಸ್ಟ್ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಪೂರ್ತಿ ಓದ್ರಿ.

ದಸರಾ ರಜೆ ಬಿತ್ತು. ನಮ್ಮ ದಿಗ್ಗೇವಾಡಿಯಿಂದ, ಸುತ್ತಮುತ್ತಲಿನ ಕೇರಿಗಳಿಂದ ಪಿಯುಸಿ, ಡಿಗ್ರಿ ಓದೋ ಹುಡುಗರು ಬ್ಯಾಗು ಹಾಕಿಕೊಂಡು ಪುಣೆ, ಮುಂಬೈ, ಬೆಂಗಳೂರು ಅಂತ ಹೊರಟಿದ್ದಾರೆ. ಹದಿನೈದು ದಿನ ಕೇಟರಿಂಗ್, ಗೋದಾಮು, ಪಾರ್ಸಲ್ ಹಂಚೋ ಕೆಲಸ. ಎಷ್ಟೋ ಮಂದಿಗೆ ಇದೇ ಮೊದಲನೇ ಸಲ ದೊಡ್ಡ ಊರು ನೋಡೋದು. "ಹಬ್ಬದಾಗ ಊರ ಬಿಟ್ಟ ಹೊಂಟಾವ ನೋಡ್ರಿ, ಈಗಿನ ಹುಡುಗರಿಗೆ ಹಬ್ಬ ಹುಣ್ಣಿವಿ ಬ್ಯಾಡಾಗೇತಿ" ಅಂತ ಊರಿನ ಒಬ್ಬ ಹಿರಿಯರು ಮೊನ್ನೆ ಅಂದರು. ಅವರು ನಮ್ಮ ಕೇರಿಯವರಲ್ಲ, ಅವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮವರು ದಸರೆಗೆ ಊರು ಬಿಡೋದು ಈಗಿನ ಮಾತಲ್ಲ. ಅದಕ್ಕೊಂದು ಇತಿಹಾಸ ಇದೆ.

ದಸರಾ ಊರಿಗೆ ಹಬ್ಬ. ನಮಗೆ ಚಾಕರಿ. ಘಟ ಕೂತ ದಿನದಿಂದ ಹಲಗಿ ಬಾರಿಸಬೇಕು, ಕಟ್ಟಿಗೆ ಒಡೀಬೇಕು, ದೊಡ್ಡವರ ಮನೆ ಮುಂದೆ ಕಸ ಹೊಡೀಬೇಕು. ಕೋಣ ಕಡಿಯೋ ಊರಾದರೆ ಅದನ್ನ ಹಿಡಿಯೋದು, ಎಳೆಯೋದು, ಎಲ್ಲಾ ನಮ್ಮವರ ಪಾಲಿಗೆ. ಅವರು ಬನ್ನಿ ಕೊಟ್ಟು ಬಂಗಾರದಂಗ ಇರೋಣ ಅಂತ ಕೈ ಮುಗಿದುಕೊಳ್ಳೋ ಹೊತ್ತಿಗೆ ನಮ್ಮ ಹೆಣ್ಣುಮಕ್ಕಳು ಬುಟ್ಟಿ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಿರ್ತಿದ್ದರು. ಇದಕ್ಕೆ ಕೂಲಿ ಅಂತ ಇರಲಿಲ್ಲ. ಸುಗ್ಗಿಯಲ್ಲಿ ಆಯ, ಹಬ್ಬದಲ್ಲಿ ಉಳಿದ ಅನ್ನ.

ಇದು ಬರೀ ಪದ್ಧತಿ ಅಂತ ತಿಳೀಬ್ಯಾಡ್ರಿ, ಕಾನೂನೂ ಇದರ ಬೆನ್ನಿಗಿತ್ತು. ಮುಂಬೈ ಪ್ರಾಂತ್ಯದ 1874ರ ವತನ ಕಾಯ್ದೆ ಇಂಥ ವಂಶಪಾರಂಪರ್ಯ ಚಾಕರಿಯನ್ನ ಸರ್ಕಾರದ ಕಾಗದದ ಮೇಲೆ ತಂದಿಟ್ಟಿತು. ಒಂದು ತುಂಡು ಇನಾಮು ಜಮೀನು, ಅದಕ್ಕೆ ಪ್ರತಿಯಾಗಿ ಹಗಲು ರಾತ್ರಿ ಸರ್ಕಾರಿ ಚಾಕರಿ. ಕೆಲಸಕ್ಕಿದ್ದವನು ಸಿಗಲಿಲ್ಲ ಅಂದ್ರೆ ಅವನ ತಮ್ಮ, ಮಗ, ಮನೆಯಲ್ಲಿ ಯಾರಿದ್ದಾರೋ ಅವರು ಹೋಗಬೇಕು. ಬಾಬಾಸಾಹೇಬರು 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ಇದರ ವಿರುದ್ಧವೇ ತಿದ್ದುಪಡಿ ಮಸೂದೆ ತಂದರು. ನಮ್ಮ ಕಡೆ ಒಂದು ವಿಚಿತ್ರ ಇತ್ತು. ರಾಯಬಾಗ ಮಹಾಲ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು, ಅಲ್ಲಿ ಶಾಹೂ ಮಹಾರಾಜರು 1918ರಲ್ಲೇ ಮಹಾರ ವತನ ರದ್ದು ಮಾಡಿದ್ದರು. ಪಕ್ಕದ ಚಿಕ್ಕೋಡಿ, ಅಥಣಿ ಬ್ರಿಟಿಷರ ಕೈಯಲ್ಲಿತ್ತು, ಅಲ್ಲಿ ವತನ ಹಂಗೇ ಉಳೀತು. ಬೀಗರ ಊರಿಗೆ ಹೋದರೆ ಕಾನೂನೇ ಬೇರೆ! ಕೊನೆಗೆ ಮೈಸೂರು ರಾಜ್ಯದ 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರ ಫೆಬ್ರವರಿ 1ಕ್ಕೆ ಜಾರಿಯಾಯಿತು. ಕಾಗದದ ಮೇಲೆ ಹೋಯಿತು. ಹಲಗಿ ಮಾತ್ರ ಹೆಗಲಿಂದ ಇಳೀಲಿಕ್ಕೆ ಇನ್ನೂ ಎಷ್ಟೋ ವರ್ಷ ಬೇಕಾಯ್ತು.

"ಊರಾಗ ಇದ್ರ ಕರೀತಾರ. ಊರಾಗ ಇಲ್ಲದವನ್ನ ಯಾರ ಕರೀತಾರ?" ಅಂತ ನಮ್ಮ ಮುತ್ಯಾ ಹೇಳ್ತಿದ್ದ. ಆತ ಹರೆಯದಲ್ಲಿ ಮೊದಲನೇ ಸಲ ಊರು ಬಿಟ್ಟಿದ್ದು ಇಂಥದೇ ಒಂದು ದಸರೆಗೆ. ಕುಡಚಿ, ಚಿಂಚಲಿ, ರಾಯಬಾಗ ಈ ಸಣ್ಣ ಸ್ಟೇಶನ್ನುಗಳು ನಮ್ಮ ಪಾಲಿಗೆ ದೊಡ್ಡ ಬಾಗಿಲುಗಳು. ಮೀಟರ್ ಗೇಜ್ ಗಾಡಿ ಹತ್ತಿದರೆ ಮಿರಜ, ಅಲ್ಲಿಂದ ಪುಣೆ, ಅಲ್ಲಿಂದ ಮುಂಬೈ. ಬುತ್ತಿಯಲ್ಲಿ ಜೋಳದ ರೊಟ್ಟಿ, ಖಾರ, ಉಳ್ಳಾಗಡ್ಡಿ. ಪರೇಲ, ವರಳಿ ಕಡೆ ಊರಿನವರ ಒಂದು ಖೋಲಿ, ಅದರಲ್ಲಿ ಹತ್ತು ಹನ್ನೆರಡು ಮಂದಿ. ಹಗಲು ಪಾಳಿಯವರು ಎದ್ದು ಹೋದ ಜಾಗದಲ್ಲಿ ರಾತ್ರಿ ಪಾಳಿಯವರು ಬಂದು ಮಲಗೋದು.

ಗಿರಣಿ ಗೇಟಿನಲ್ಲಿ ಹೊಸಬನ ಹೆಸರು "ಬದಲಿ". ಬೆಳಿಗ್ಗೆ ಬಂದು ನಿಲ್ಲಬೇಕು. ಕಾಯಂ ಕೆಲಸಗಾರ ಬರದಿದ್ದರೆ, ಜಾಬರ್‌ಗೆ ಮನಸ್ಸು ಬಂದರೆ, ಅವತ್ತು ಕೆಲಸ. ಇಲ್ಲ ಅಂದ್ರೆ ವಾಪಸ್ಸು ಖೋಲಿಗೆ. ಇವತ್ತು ಮೊಬೈಲ್ ಹಿಡ್ಕೊಂಡು ಆರ್ಡರ್ ಬರಲಿ ಅಂತ ಅಂಗಡಿ ಮುಂದೆ ನಿಂತಿರೋ ಹುಡುಗರನ್ನ ನೋಡಿದಾಗ ನನಗೆ ಬದಲಿಗಳ ನೆನಪಾಗುತ್ತೆ. ಜಾಬರ್ ಕಾಣಲ್ಲ, ಅಷ್ಟೇ.

ಈಗ ಮುಖ್ಯ ಮಾತಿಗೆ ಬರ್ತೀನಿ. ಗಿರಣಿಯಲ್ಲಿ ನಮ್ಮವರಿಗೆ ನೂಲುವ ಖಾತೆಯಲ್ಲಿ ಕೆಲಸ ಇತ್ತು. ಪಗಾರ ಜಾಸ್ತಿ ಇದ್ದ ನೇಯ್ಗೆ ಖಾತೆಯಲ್ಲಿ ಪ್ರವೇಶ ಇರಲಿಲ್ಲ. ಕಾರಣ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯಲ್ಲ. ಮಗ್ಗದ ಲಾಳಿಯಲ್ಲಿ ನೂಲಿನ ಉಂಡೆ ಮುಗಿದಾಗ ಹೊಸದು ಹಾಕಿ, ಎಳೆಯ ತುದಿಯನ್ನ ಲಾಳಿಯ ಸಣ್ಣ ತೂತಿನಿಂದ ಹೊರಗೆ ತರಬೇಕು. ನೇಕಾರರು ತೂತಿಗೆ ಬಾಯಿ ಹಚ್ಚಿ ಉಸಿರೆಳೆದು ನೂಲು ತರ್ತಿದ್ದರು. ಅದೇ ಲಾಳಿ ನಾಳೆ ಇನ್ನೊಬ್ಬನ ಬಾಯಿಗೆ ಹೋಗುತ್ತೆ. ಅಸ್ಪೃಶ್ಯನ ಎಂಜಲು ಮರಾಠನ ಬಾಯಿಗೆ, ಮುಸಲ್ಮಾನನ ಬಾಯಿಗೆ ಹೋಗಬಾರದು ಅಂತ ಇಡೀ ಖಾತೆಯ ಬಾಗಿಲೇ ಬಂದ್. ಹಬೆಯಿಂದ ಓಡೋ ಯಂತ್ರ, ಮ್ಯಾಂಚೆಸ್ಟರ್‌ನ ಕಬ್ಬಿಣ, ಅದರ ಮೇಲೆ ಕೂತಿದ್ದು ಮಾತ್ರ ನಮ್ಮೂರ ಬಾವಿಕಟ್ಟೆಯ ನಿಯಮ.

ಇದೇ ಲಾಳಿ ಅಮೆರಿಕದಲ್ಲೂ ಇತ್ತು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಬಾಯಿಂದ ಎಳೆಯೋ ಲಾಳಿಯನ್ನ 1911ರಲ್ಲೇ ಕಾನೂನು ಮಾಡಿ ನಿಲ್ಲಿಸಿದರು, ಕ್ಷಯ ಹರಡುತ್ತೆ ಅಂತ. ಅಲ್ಲಿ ರೋಗದ ಭಯಕ್ಕೆ ಲಾಳಿಯನ್ನ ಹೊರಗೆ ಹಾಕಿದರು. ಇಲ್ಲಿ ಲಾಳಿ ಉಳೀತು, ಮನುಷ್ಯರನ್ನ ಹೊರಗೆ ಇಟ್ಟರು.

1928ರಲ್ಲಿ ಮುಂಬೈ ಗಿರಣಿಗಳ ದೊಡ್ಡ ಮುಷ್ಕರ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ, ಸುಮಾರು ಒಂದೂವರೆ ಲಕ್ಷ ಕಾರ್ಮಿಕರು. ಮುಷ್ಕರ ಸಮಿತಿ 17 ಬೇಡಿಕೆ ಇಟ್ಟಿತ್ತು. ನೇಯ್ಗೆ ಖಾತೆಯಲ್ಲಿ ಅಸ್ಪೃಶ್ಯರಿಗೂ ಕೆಲಸ ಅನ್ನೋ ಮಾತು ಅದರಲ್ಲಿ ಇರಲಿಲ್ಲ. ಅದನ್ನೂ ಸೇರಿಸಿ, ಇಲ್ಲದಿದ್ದರೆ ನಮ್ಮವರು ನಿಮ್ಮ ಜೊತೆ ಯಾಕೆ ಉಪವಾಸ ಬೀಳಬೇಕು ಅಂತ ಬಾಬಾಸಾಹೇಬರು ಪಟ್ಟು ಹಿಡಿದರು. ನಾಯಕರು ಮನಸ್ಸಿಲ್ಲದ ಮನಸ್ಸಿಂದ ಒಪ್ಪಿದರು. ಮುಂದೆ ಫಾಸೆಟ್ ಸಮಿತಿ ಮುಂದೆ ಈ ಪ್ರಶ್ನೆ ಬಂದಾಗ ಮಾಲೀಕರು ಏನಂದರು ಗೊತ್ತಾ? ಇದು ಅನ್ಯಾಯವಾದರೆ ಇದಕ್ಕೆ ನಾವಂತೂ ಹೊಣೆಗಾರರಲ್ಲ ಅಂದರು. ತಮಾಷೆ ಅಂದ್ರೆ ಅವರು ಹೇಳಿದ್ದರಲ್ಲಿ ಅರ್ಧ ಸತ್ಯ ಇತ್ತು. ಬಾಗಿಲು ಮುಚ್ಚಿ ಹಿಡಿದವರಲ್ಲಿ ನಮ್ಮ ಪಕ್ಕದಲ್ಲೇ ದುಡಿಯೋ ಕಾರ್ಮಿಕರೂ ಇದ್ದರು. ಕಾರ್ಮಿಕರೆಲ್ಲ ಒಂದೇ ಅನ್ನೋ ನಮ್ಮ ಎಡಪಂಥೀಯ ಗೆಳೆಯರಿಗೆ ಈ ಮಾತು ಇವತ್ತಿಗೂ ಅಷ್ಟು ರುಚಿಸಲ್ಲ. ಜಗಳಕ್ಕೆ ಹೇಳ್ತಿಲ್ಲ, ಆಗಿದ್ದನ್ನ ಹೇಳ್ತಿದ್ದೀನಿ.

ಹತ್ತು ವರ್ಷ ಆದಮೇಲೆ, 1938ರ ಫೆಬ್ರವರಿಯಲ್ಲಿ, ಮನ್ಮಾಡಿನಲ್ಲಿ ರೈಲ್ವೆಯ ದಲಿತ ಕಾರ್ಮಿಕರ ಮುಂದೆ ಬಾಬಾಸಾಹೇಬರು ಮಾತಾಡಿದರು. ನಮ್ಮ ದುಡಿಯೋ ಜನಕ್ಕೆ ಬ್ರಾಹ್ಮಣ್ಯ ಮತ್ತು ಬಂಡವಾಳಶಾಹಿ ಇಬ್ಬರೂ ಶತ್ರುಗಳು ಅಂತ ಹೇಳಿದ ಭಾಷಣ ಅದೇ. ಅದರಲ್ಲಿ ಅವರು ಕೊಟ್ಟ ಒಂದು ಉದಾಹರಣೆಯನ್ನ ಯಾರೂ ಅಷ್ಟಾಗಿ ನೆನಪಿಸೋದಿಲ್ಲ. ರೈಲ್ವೆಯಲ್ಲಿ ನಮ್ಮವರು ಗ್ಯಾಂಗ್‌ಮನ್ ಆಗೇ ಉಳೀತಾರೆ, ಪೋರ್ಟರ್ ಕೂಡ ಆಗೋದಿಲ್ಲ. ಯಾಕಂದ್ರೆ ಸ್ಟೇಶನ್ ಮಾಸ್ತರು ಪೋರ್ಟರನ್ನ ತಮ್ಮ ಮನೆಗೆಲಸಕ್ಕೂ ಹಚ್ಚಿಕೊಳ್ತಾರೆ, ಮನೆಯೊಳಗೆ ಅಸ್ಪೃಶ್ಯ ಬರೋ ಹಂಗಿಲ್ಲ.

ಬಾಬಾಸಾಹೇಬರಿಗೆ ಇದು ಕೇಳಿ ತಿಳಿದ ಕಥೆ ಅಲ್ಲ. ದೊಡ್ಡ ಊರಲ್ಲಿ ಅವರ ಮೊದಲ ದೊಡ್ಡ ನೌಕರಿಯೂ ಇಂಥದೇ ದಿನಗಳಲ್ಲಿ ಶುರುವಾಗಿದ್ದು: 1917ರ ಸೆಪ್ಟೆಂಬರ್, ಬಡೋದೆ. ವಯಸ್ಸು 26. ಕೊಲಂಬಿಯಾದಲ್ಲಿ ಓದಿ ಬಂದವರಿಗೆ ಕಚೇರಿಯ ಜವಾನ ಫೈಲನ್ನ ದೂರದಿಂದ ಎಸೀತಿದ್ದ. ಇರಲಿಕ್ಕೆ ಮನೆ ಸಿಗಲಿಲ್ಲ, ಪಾರ್ಸಿ ಹೆಸರು ಹೇಳಿ ಒಂದು ಪಾರ್ಸಿ ವಸತಿಗೃಹದಲ್ಲಿ ಉಳಿದರು. ಹನ್ನೊಂದನೇ ದಿನ ಕೋಲು ಹಿಡಿದ ಹತ್ತು ಹನ್ನೆರಡು ಜನ ಬಂದು ಹೊರಗೆ ಹಾಕಿದರು. ಇಬ್ಬರು ಗೆಳೆಯರ ಹತ್ರ ಹೋದರೆ ಇಬ್ಬರೂ ಜಾಗ ಕೊಡಲಿಲ್ಲ. ಸಾರ್ವಜನಿಕ ತೋಟದಲ್ಲಿ ಕೂತು ಕಾದು, ರಾತ್ರಿಯ ಮುಂಬೈ ಗಾಡಿ ಹತ್ತಿದರು. ಕಲಿತರೆ ಎಲ್ಲಾ ಸರಿಹೋಗುತ್ತೆ ಅಂತ ಬರೀ ಬಾಯಿ ಮಾತು ಹೇಳೋರಿಗೆ ನಾನು ಈ ಹನ್ನೊಂದು ದಿನ ನೆನಪಿಸ್ತೀನಿ.

ಆದರೂ ನಮ್ಮವರು ನಗರಕ್ಕೆ ಹೋಗೋದು ನಿಲ್ಲಿಸಲಿಲ್ಲ. ಯಾಕಂದ್ರೆ ಅಲ್ಲಿ ಪಗಾರ ಕೈಗೆ ಬರ್ತಿತ್ತು, ಬುಟ್ಟಿಗಲ್ಲ. ಪರೇಲಿನ ಚಾಳಿನಲ್ಲಿ ಸ್ವತಃ ಬಾಬಾಸಾಹೇಬರೇ ಎರಡು ಖೋಲಿಯಲ್ಲಿ ಸಂಸಾರ ಮಾಡ್ತಿದ್ದರು. ಊರಿಗೆ ವಾಪಸ್ಸು ಬರೋರ ಟ್ರಂಕಿನಲ್ಲಿ ಮಕ್ಕಳಿಗೆ ಅಂಗಿ ಇರ್ತಿತ್ತು, ಅಂಗಿ ಕೆಳಗೆ 'ಬಹಿಷ್ಕೃತ ಭಾರತ', 'ಜನತಾ' ಪತ್ರಿಕೆ. ಓದಲಿಕ್ಕೆ ಬರೋನು ಒಬ್ಬ, ಕೇಳೋರು ಇಡೀ ಕೇರಿ. ನಿಪ್ಪಾಣಿಯಲ್ಲಿ 1925ರ ಏಪ್ರಿಲ್‌ನಲ್ಲಿ ಬಾಬಾಸಾಹೇಬರ ಅಧ್ಯಕ್ಷತೆಯಲ್ಲಿ ಬಹಿಷ್ಕೃತರ ಪರಿಷತ್ತು ನಡೆದಿದ್ದು ನಿಮಗೆಲ್ಲ ಗೊತ್ತು. ಗಡಿಭಾಗದ ನಮ್ಮ ಚಳವಳಿಯ ಇತಿಹಾಸ ಬರೆಯೋರು ವೇದಿಕೆ ಮೇಲಿದ್ದವರ ಹೆಸರು ಬರೀತಾರೆ, ಆ ಟ್ರಂಕುಗಳ ಬಗ್ಗೆ ಬರೆಯೋದಿಲ್ಲ.

ಆಮೇಲೆ 1956ರ ಅಕ್ಟೋಬರ್ 14. ಅವತ್ತೂ ದಸರಾ. ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರ ಜೊತೆ ಬುದ್ಧನ ಕಡೆ ನಡೆದರು. ಹಲಗಿ ಬಾರಿಸೋ ಹಬ್ಬ ಅಶೋಕ ವಿಜಯದಶಮಿ ಆಯಿತು. ರಜೆ ಅನ್ನೋ ಶಬ್ದಕ್ಕೆ ನಮ್ಮ ಕೇರಿಯಲ್ಲಿ ಅರ್ಥ ಬಂದಿದ್ದು ಅವತ್ತಿನಿಂದ ಅಂತ ನನ್ನ ಅಭಿಪ್ರಾಯ.

ನನ್ನ ಸರದಿ ಬಂದಿದ್ದು 1994ರಲ್ಲಿ. ಪಿಯುಸಿ ಎರಡನೇ ವರ್ಷ, ಮಿರಜಿನಿಂದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್, ಜನರಲ್ ಡಬ್ಬಿ. ಸೋದರಮಾವ ವರಳಿಯಲ್ಲಿ ಇದ್ದ. ಗಿರಣಿ ಕೆಲಸಗಾರ ಆಗಿದ್ದವನು 1982ರ ದತ್ತಾ ಸಾಮಂತರ ಮುಷ್ಕರ ಆದಮೇಲೆ ಕೆಲಸ ಹೋಗಿ, ಒಂದು ಬಿಲ್ಡಿಂಗಿನ ವಾಚ್‌ಮನ್ ಆಗಿದ್ದ. ಅವನೇ ನನ್ನನ್ನ ಒಂದು ಊಟದ ಹೋಟೆಲಿಗೆ ಹಚ್ಚಿದ, ದಿನಕ್ಕೆ 30 ರೂಪಾಯಿ. ಎರಡು ದಿನ ಒಳಗೆ ಹಿಟ್ಟು ನಾದಿದೆ. ಮೂರನೇ ದಿನ ಮಾಲೀಕ ಮರಾಠಿಯಲ್ಲಿ ಅಡ್ಡಹೆಸರು ಕೇಳಿದ. ಹೇಳಿದೆ. ಯಾವ ಊರು, ಯಾವ ಗಲ್ಲಿ ಅಂತ ಕೇಳಿದ. ಅದನ್ನೂ ಹೇಳಿದೆ. ಸಿಟ್ಟು ಮಾಡಲಿಲ್ಲ, ಬೈಯಲಿಲ್ಲ, ನಾಳೆಯಿಂದ ಹಿಂದುಗಡೆ ತಾಟು ತೊಳಿ ಅಂದ. ಪಗಾರ ಅಷ್ಟೇ ಇತ್ತು. ರಾತ್ರಿ ಮಾಮಾಗೆ ಹೇಳಿದರೆ ಅವನು ಬೀಡಿ ಹಚ್ಚಿ, "ನಮ್ಮಪ್ಪಗ ಲಾಳಿ ಮುಟ್ಟಾಕ ಬಿಡಲಿಲ್ಲ, ನಿನಗ ಹಿಟ್ಟ ಮುಟ್ಟಾಕ ಬಿಡಲಿಲ್ಲ" ಅಂದ. ಲಾಳಿಯ ಕಥೆಯನ್ನ ನಾನು ಮೊದಲು ಕೇಳಿದ್ದು ಆ ರಾತ್ರಿ, ಪುಸ್ತಕದಲ್ಲಿ ಓದಿದ್ದು ಎಷ್ಟೋ ವರ್ಷ ಆದಮೇಲೆ. ದಸರಾ ದಿನ ರಜೆ ಕೇಳಿ ಅವನ ಜೊತೆ ದಾದರಿನ ಚೈತ್ಯಭೂಮಿಗೆ ಹೋದೆ. ಒಂದು ದಿನದ ಪಗಾರ ಕಟ್ ಆಯಿತು. ಹಬ್ಬದ ದಿನ ನಾನೇ ಆರಿಸಿಕೊಂಡ ರಜೆ ಅದು, ಮೂವತ್ತು ರೂಪಾಯಿ ಕೊಟ್ಟು ತಗೊಂಡಿದ್ದು.

ಈಗ ಗಿರಣಿಗಳ ಜಾಗದಲ್ಲಿ ಮಾಲ್‌ಗಳು ಬಂದಿವೆ. ಮಾಲೀಕರು ಬಾಯಿಬಿಟ್ಟು ಜಾತಿ ಕೇಳೋದೂ ಕಮ್ಮಿ. ಆಧಾರ್ ಕಾರ್ಡ್ ತಗೊಳ್ತಾರೆ, ಅಡ್ಡಹೆಸರು ಅದರಲ್ಲೇ ಇರುತ್ತೆ. ಅಡುಗೆಮನೆ ಯಾರಿಗೆ, ತಾಟು ಯಾರಿಗೆ, ಟಾಯ್ಲೆಟ್ ಯಾರಿಗೆ ಅನ್ನೋದು ಹೆಂಗೋ ತಾನಾಗೇ ಹಂಚಿ ಹೋಗಿರುತ್ತೆ.

ಅದಕ್ಕೇ ಈ ಸಲ ಹೋಗೋ ತಮ್ಮಂದಿರಿಗೆ, ತಂಗಿಯರಿಗೆ ಒಂದು ಕೆಲಸ ಹಚ್ಚತಾ ಇದ್ದೀನಿ. ಸಣ್ಣದೊಂದು ನೋಟ್‌ಬುಕ್ ತಗೊಂಡು ಹೋಗ್ರಿ. ಮೊದಲನೇ ದಿನ ನಿಮ್ಮನ್ನ ಏನು ಕೇಳಿದರು, ಯಾವ ಕೆಲಸಕ್ಕೆ ಕರೆದು ಯಾವ ಕೆಲಸ ಕೊಟ್ಟರು, ಎಷ್ಟು ತಾಸು ದುಡಿದಿರಿ, ಎಷ್ಟು ಮಾತಾಡಿ ಎಷ್ಟು ಕೊಟ್ಟರು, ತಾರೀಖು ಹಾಕಿ ಬರೀರಿ. ಪಗಾರ ಬಾಕಿ ಇಟ್ಟುಕೊಂಡರೆ ಊರಿಗೆ ಬರೋ ತನಕ ಕಾಯಬೇಡಿ, ಅಲ್ಲಿಂದಲೇ ನಮಗೆ ಫೋನ್ ಮಾಡ್ರಿ. ನಮ್ಮ ಮುತ್ಯಾಂದಿರು ಗಿರಣಿಯಲ್ಲಿ ದುಡಿದದ್ದಕ್ಕೆ ನಮ್ಮ ಮನೆಗಳಲ್ಲಿ ಒಂದು ಚೀಟಿ ಸಹ ಉಳಿದಿಲ್ಲ. ದೀಪಾವಳಿ ಆದ ಮೊದಲನೇ ಭಾನುವಾರ ಸಂಜೆ ಕೇರಿಯಲ್ಲಿ ಕೂಡೋಣ, ನೋಟ್‌ಬುಕ್ ತರ್ರಿ. ಚಹಾ ನನ್ನದು.

ಜೈ ಭೀಮ್.